ಪಾಳಿಗೆ ಬಿಟ್ಟ ನೆಲ

ಪಾಳಿಯಕ್ಕ ಸಿಟ್ಟು ಬಂದರೆ ಕೂಗುವವಳಲ್ಲ, ಎದುರಿಗಿದ್ದವರ ಮಾತು ತಿದ್ದುವವಳು. "ನಾಲ್ಕು ದಿನದಿಂದ ನೀರಿಲ್ಲ" ಎಂದು ಯಾರಾದರೂ ಗೋಳಾಡಿಕೊಂಡು ಬಂದರೆ, "ನಾಲ್ಕಲ್ಲ, ಮೂರು. ಮಂಗಳವಾರ ಬೆಳಿಗ್ಗೆ ನಿನ್ನ ಕಾಲುವೆ ಒದ್ದೆಯಾಗಿತ್ತು, ನಾನೇ ನೋಡಿದೀನಿ" ಅನ್ನುತ್ತಾಳೆ. ಬಂದವನ ಗೋಳು ಅರ್ಧಕ್ಕೆ ಇಳಿದಿರುತ್ತದೆ. ಇಂಥ ಹೆಂಗಸು ಒಂದೇ ಒಂದು ಅಕ್ಷರ ನೋಡದೆ ಸಹಿ ಹಾಕಿ, ನಲವತ್ತು ಎಕರೆ ತರಕಾರಿ ನೆಲವನ್ನು ನಗರದ ಬಾಯಿಗೆ ಇಟ್ಟಳು. ಆಮೇಲೆ ಅದೇ ಬಾಯಿಯೊಳಗೆ ಕೈ ಹಾಕಿ ಅದನ್ನು ಹೊರಗೆಳೆದಳು. ಮೊದಲನೆಯದನ್ನು ಎಲ್ಲರೂ ಆಡಿಕೊಂಡರು. ಎರಡನೆಯದು ಹೇಗಾಯಿತು ಅಂತ ಸರಿಯಾಗಿ ಗೊತ್ತಿರುವವರು ಕಡಿಮೆ.

ಅವಳು ತೂಬು ಕಾಯುವವನ ಮಗಳು. ದೊಡ್ಡ ಕಾಲುವೆಯ ದಂಡೆಯ ಮೇಲೆ, ಎರಡು ಕೋಣೆಯ ಮನೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪನ ಕೆಲಸವೆಂದರೆ ಕಬ್ಬಿಣದ ಚಕ್ರ ತಿರುಗಿಸಿ, ಇಂತಿಷ್ಟು ಹೊತ್ತು ಇಂಥವರ ಹೊಲಕ್ಕೆ ನೀರು ಬಿಡುವುದು. ಚೀಲದಲ್ಲಿ ಒಂದು ಅಲಾರಾಂ ಗಡಿಯಾರ ಇಟ್ಟುಕೊಂಡೇ ಓಡಾಡುತ್ತಿದ್ದ. ಬೆಳಗಾದರೆ ಬಾಗಿಲಲ್ಲಿ ಜಗಳ: ಅವನಿಗೆ ಎರಡು ಗಂಟೆ, ನನಗೆ ಒಂದೂ ಮುಕ್ಕಾಲಾ? ನೀರು ಕಡಿಮೆ ಸಿಕ್ಕರೂ ಮನುಷ್ಯ ಹೇಗೋ ಸಹಿಸುತ್ತಾನೆ, ಪಾಳಿ ತಪ್ಪಿದರೆ ಮಾತ್ರ ಸಹಿಸುವುದಿಲ್ಲ ಎನ್ನುವುದನ್ನು ಅವಳು ಆ ಹೊಸ್ತಿಲ ಮೇಲೆ ಕೂತು, ಏಳನೇ ಕ್ಲಾಸಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಲಿತಳು. ಪುಸ್ತಕದಿಂದ ಕಲಿತದ್ದು ಇಷ್ಟು ದಿನ ಉಳಿಯಲಿಲ್ಲ.

ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದದ್ದು ನಗರದಿಂದ ಆರು ಕಿಲೋಮೀಟರ್ ಆಚೆಯ ತರಕಾರಿ ಬಯಲಿಗೆ. ಕಾಲುವೆ ಬಂದು ನಾಲ್ಕಾಗಿ ಒಡೆಯುವ ಕಡೆ ಒಂದು ಕಲ್ಲಿನ ಕಟ್ಟೆ. ಅದರ ಸುತ್ತ ದಿಕ್ಕಿಗೊಂದರಂತೆ ನಾಲ್ಕು ಪಟ್ಟಿ ನೆಲ, ಪಟ್ಟಿಗೆ ಸುಮಾರು ನಲವತ್ತು ಎಕರೆ, ಹತ್ತು ಹನ್ನೊಂದು ಮನೆ. ಗಂಡನ ಮನೆಯ ಹೊಲ ಉತ್ತರದ ಪಟ್ಟಿಯ ನಟ್ಟನಡುವೆ. ಅವಳು ಬಂದ ಹೊಸದರಲ್ಲಿ ಆ ನೆಲಕ್ಕೆ ಬಿಡುವೆಂಬುದೇ ಇರಲಿಲ್ಲ. ಈರುಳ್ಳಿ ಕಿತ್ತ ವಾರಕ್ಕೆ ಕೋಸು, ಕೋಸು ಕೊಯ್ದ ವಾರಕ್ಕೆ ಹುರುಳಿಕಾಯಿ. ನೆಲ ಸೋತಿತ್ತು. ಕೋಸು ಮುಷ್ಟಿಗಿಂತ ದೊಡ್ಡದಾಗುತ್ತಿರಲಿಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪುವಷ್ಟರಲ್ಲಿ ಗಿಡ ಒಣಗಿರುತ್ತಿತ್ತು.

"ಒಂದು ವರ್ಷ ನೆಲಕ್ಕೆ ರಜೆ ಕೊಡೋಣ" ಎಂದಳು ಹೊಸ ಸೊಸೆ.

"ಹೊಟ್ಟೆಗೂ ರಜೆ ಕೊಡ್ತೀಯೇನಮ್ಮ?" ಎಂದರು ಮಾವ.

ಗಂಡ ಮಾತು ಕಡಿಮೆಯ ಮನುಷ್ಯ. ನಗು ಬಂದರೆ ಹೊಟ್ಟೆಯಷ್ಟೇ ಕುಲುಕುತ್ತಿತ್ತು, ಸದ್ದು ಹೊರಗೆ ಬರುತ್ತಿರಲಿಲ್ಲ. ಅಪ್ಪನ ಎದುರು ಸುಮ್ಮನಿದ್ದು, ಮರುದಿನ ಹೊಲದ ಒಂದು ಮೂಲೆಯನ್ನು ಬಿತ್ತದೆ ಬಿಟ್ಟ. ಅಲ್ಲಿ ಹುಲ್ಲು ಬೆಳೆಯಿತು, ಹುಲ್ಲನ್ನು ಅಲ್ಲೇ ಮಗುಚಿ ಹಾಕಿದರು. ವರ್ಷ ಕಳೆದ ಮೇಲೆ ಆ ಮೂಲೆಯ ಕೋಸು ಕೊಯ್ದು ಸೈಕಲ್ಲಿನ ಹಿಂದಿನ ಗಾಡಿಗೆ ತುಂಬಿದಾಗ, ಎಂದಿನಂತೆ ಅರವತ್ತು ಹಿಡಿಯುವ ಗಾಡಿಯಲ್ಲಿ ಇಪ್ಪತ್ತೆರಡು ಮಾತ್ರ ಹಿಡಿದವು. ಮಾವ ಒಂದನ್ನು ಎತ್ತಿ ನೋಡಿ, ಏನೂ ಅನ್ನದೆ ಕೆಳಗಿಟ್ಟು ಒಳಗೆ ಹೋದರು. ಆ ಮನುಷ್ಯನ ಮಟ್ಟಿಗೆ ಅದು ಹೊಗಳಿಕೆ.

ಆಮೇಲೆ ಬಯಲಿಡೀ ಒಂದು ಕಟ್ಟಿಗೆ ಬರಲು ಒಂಬತ್ತು ವರ್ಷ ಬೇಕಾಯಿತು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವಂಥ ನಲವತ್ತು ಮನೆಗಳನ್ನು ಒಂದು ಮಾತಿಗೆ ತರುವುದೆಂದರೆ ಹುಡುಗಾಟವಲ್ಲ. ಕಟ್ಟು ಇಷ್ಟೇ: ವರ್ಷಕ್ಕೊಂದು ಪಟ್ಟಿ ಪೂರ್ತಿ ಮಲಗುತ್ತದೆ. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಮತ್ತೆ ಪೂರ್ವ. ಮಲಗಿದ ಪಟ್ಟಿಯ ನೀರು ಉಳಿದ ಮೂರಕ್ಕೆ. ಮಲಗಿದ ಪಟ್ಟಿಯವರು ಉಳಿದವರ ಹೊಲದಲ್ಲಿ ದುಡಿದು ಪಾಲು ಪಡೆಯುತ್ತಾರೆ, ಯಾರ ಒಲೆಯೂ ಆರುವುದಿಲ್ಲ. ವರ್ಷದ ಮೊದಲಲ್ಲಿ ಅವಳು ಕಲ್ಲಿನ ಕಟ್ಟೆಯ ಮೇಲೆ ನಿಂತು ಈ ವರ್ಷ ಯಾರ ಪಾಳಿ ಎಂದು ಹೇಳಬೇಕು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ, ಆದರೂ ಅವಳ ಬಾಯಿಂದ ಬರುವ ತನಕ ಯಾರೂ ಗುದ್ದಲಿ ಕೆಳಗಿಡುವುದಿಲ್ಲ. ಅವಳ ಹೆಸರನ್ನು ಜನ ಮರೆತು ಪಾಳಿಯಕ್ಕ ಎಂದು ಕರೆಯತೊಡಗಿದ್ದು ಹೀಗೆ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ವರ್ಷ ಅವಳು ಕಟ್ಟೆಗೆ ಬರಲಿಲ್ಲ. ಆರು ವರ್ಷದ ಹಿಂದೆ, ಬಿತ್ತನೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ, ಮಾರುಕಟ್ಟೆಯಲ್ಲಿ ಕೋಸು ತೂಕ ಮಾಡಿಸುತ್ತ ನಿಂತಿದ್ದ ಗಂಡ ನಿಂತಲ್ಲೇ ಕುಸಿದು ತೀರಿಕೊಂಡ. ಆ ವರ್ಷ ಅವಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. "ಪಶ್ಚಿಮದ ಪಾಳಿ" ಎಂದು ಓರಗಿತ್ತಿಯ ಬಾಯಲ್ಲಿ ಹೇಳಿ ಕಳಿಸಿದಳು.

ಈ ಓರಗಿತ್ತಿಯ ಬಗ್ಗೆ ಎರಡು ಮಾತು. ಗಂಡನ ತಮ್ಮನ ಹೆಂಡತಿ. ಪಾಲಾದಾಗ ಅವರಿಗೆ ಸಿಕ್ಕಿದ್ದು ಪೂರ್ವದ ಪಟ್ಟಿಯ ಎರಡೂವರೆ ಎಕರೆ. ಪಾಳಿಯಕ್ಕ ಲೆಕ್ಕದ ಹೆಂಗಸಾದರೆ ಇವಳು ಮಾತಿನ ಹೆಂಗಸು. ಒಂದು ಮೂಟೆ ಹುರುಳಿಕಾಯಿ ಬಿಡಿಸುವಷ್ಟರಲ್ಲಿ ನಲವತ್ತು ಮನೆಯ ಸುದ್ದಿಯನ್ನೂ ಬಿಡಿಸಿಡುತ್ತಾಳೆ. ಇಬ್ಬರೂ ಇಪ್ಪತ್ತು ವರ್ಷ ದಿನಾ ಜಗಳವಾಡಿದ್ದಾರೆ, ಒಂದು ದಿನವೂ ಮಾತು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ನಗರ ನಡೆದುಕೊಂಡೇ ಬಂತು. ಮೊದಲು ಟಯರ್ ಅಂಗಡಿ, ಆಮೇಲೆ ಲಾರಿ ತೂಗುವ ಕಾಟಾ, ಆಮೇಲೆ ಗೋದಾಮು, ಆಮೇಲೆ ಸಾಲಾಗಿ ನಾಲ್ಕು ಮಹಡಿಯ ಮನೆಗಳು. ಕಟ್ಟಿಸಿದವರು ದೊಡ್ಡ ಬೋರ್ಡು ಹಾಕಿದರು: ಕಿಟಕಿ ತೆರೆದರೆ ಹಸಿರು. ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಪೂರ್ವದ ಪಟ್ಟಿಯ ಕೋಸು. ಬೆಳೆದವರನ್ನು ಒಂದು ಮಾತೂ ಕೇಳದೆ ಅವರ ಬೆಳೆಯ ನೋಟವನ್ನು ಮಾರಿಕೊಂಡ ಜಾಣರು ಇವರು. ಪಾಳಿಯಕ್ಕ ಬೋರ್ಡು ಓದಿ, "ಪರವಾಗಿಲ್ಲ, ನೋಡಿದ್ರೆ ಸವೆಯಲ್ಲ" ಎಂದಳು.

ಪೂರ್ವದ ಪಟ್ಟಿ ಮಲಗಿದ ವರ್ಷ ಒಬ್ಬ ಸರ್ವೆಯವನು ಬಂದ. ನಗರ ವಿಸ್ತರಣೆ ಕಚೇರಿಯವನು, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ, ಬೂಟಿಗೆ ಕೆಸರಾಗಬಾರದೆಂದು ಬದುವಿನ ಮೇಲೆ ಹಗ್ಗದ ಮೇಲಿನ ನಡಿಗೆ. ಪಾಳಿಯಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಲುವೆಯ ಹೂಳು ಎತ್ತುತ್ತಿದ್ದಳು.

"ಇದೇನಮ್ಮ, ಈ ಕಡೆ ಬರೀ ಹುಲ್ಲು?"

"ಪಾಳಿ ಬಿಟ್ಟಿದೆ ಸ್ವಾಮಿ."

ಬಯಲಿನವರ ಮಾತಿನ ರೂಢಿ ಅದು. ಪಾಳಿಗೆ ಬಿಟ್ಟಿದೆ ಅನ್ನುವುದನ್ನು ಸವೆಸಿ ಪಾಳಿ ಬಿಟ್ಟಿದೆ ಅನ್ನುತ್ತಾರೆ. ಸರ್ವೆಯವನು ಕೇಳಿದ್ದು ತನಗೆ ಗೊತ್ತಿದ್ದ ಮಾತು. ಕಾಗದದ ಮೇಲೆ "ಪಾಳು ಬಿಟ್ಟಿದೆ" ಎಂದು ಬರೆದು, ಸಹಿ ಮಾಡಿ ಅಂದ. ಕನ್ನಡಕ ಮನೆಯಲ್ಲಿತ್ತು. ಕೈ ಒರೆಸಿಕೊಂಡು ಕಾಗದ ದೂರ ಹಿಡಿದು ನೋಡಿದಳು. ಮೊದಲಕ್ಷರ ಪಾ ಎಂದು ಕಂಡಿತು, ಮುಂದಿನದು ಏನಿರಬೇಕೆಂದು ಅವಳಿಗೆ ಗೊತ್ತೇ ಇತ್ತು. ಸರ್ಕಾರದ ಮನುಷ್ಯ ಬಂದು ಪಾಳಿಯ ವಿಷಯ ಬರೆದುಕೊಂಡು ಹೋದ ಎಂಬ ಹೆಮ್ಮೆ ಬೇರೆ. ಆವತ್ತು ಸಂಜೆ ಮೂರು ಮನೆಯಲ್ಲಿ ಅದನ್ನು ಹೇಳಿದಳು. ಒಳ್ಳೆಯವರ ಹೆಮ್ಮೆಗೂ ಕಣ್ಣು ಮಂಜೇ.

ಮೂರು ತಿಂಗಳಿಗೆ ಕಾಟಾದ ಗೋಡೆಯ ಮೇಲೆ ನೋಟಿಸು ಅಂಟಿತು. ಪೂರ್ವ ಭಾಗದ ನಲವತ್ತು ಎಕರೆ ಪಾಳು ಭೂಮಿಯನ್ನು ವಸತಿ ಬಡಾವಣೆಗೆ ಸೇರಿಸಲಾಗುವುದು, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ತಿಳಿಸತಕ್ಕದ್ದು. ಓರಗಿತ್ತಿ ನಿಂತು ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಧ್ವನಿ ಇಳಿಯಿತು. ಕಚೇರಿಗೆ ಹೋಗಿ ವಿಚಾರಿಸಿದಾಗ ಅಲ್ಲಿಯವರು ವರದಿ ತೆಗೆದು ತೋರಿಸಿದರು. ಕೆಳಗೆ ಪಾಳಿಯಕ್ಕನ ದುಂಡನೆಯ ಸಹಿ.

ಓರಗಿತ್ತಿ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ಊರಿಗೆಲ್ಲ ತಪ್ಪು ತಿದ್ದೋರು ನೀವು. ನಮ್ಮ ಹೊಲ ಪಾಳು ಅಂತ ಸಹಿ ಮಾಡಿ ಕೊಟ್ಟಿದೀರಲ್ಲ ಅಕ್ಕ. ಹನ್ನೊಂದು ಮನೆ ಈಗ ಎಲ್ಲಿಗೆ ಹೋಗ್ಬೇಕು?"

"ನಾನು ಪಾಳಿ ಅಂದೆ ಕಣೇ."

"ಅಂದಿದ್ದು ಗಾಳಿಗೆ ಹೋಯ್ತು. ಬರೆದಿದ್ದು ಅಲ್ಲಿದೆ."

ಅವತ್ತಿನಿಂದ ಮಾತು ನಿಂತಿತು. ನೆಲ ಹೋಗುತ್ತದೆ ಎನ್ನುವ ಭಯಕ್ಕಿಂತ, ನೆಲ ಉಳಿಯಲೆಂದು ತಾನು ಕಟ್ಟಿದ ಪದ್ಧತಿಯೇ ಅದನ್ನು ಹಾಳೆಂದು ತೋರಿಸಿಬಿಟ್ಟಿತಲ್ಲ ಎನ್ನುವುದು ಪಾಳಿಯಕ್ಕನನ್ನು ಹೆಚ್ಚು ಸುಟ್ಟಿತು. ಬಯಲಿನಾಚೆ ನೆಲವನ್ನು ವರ್ಷವಿಡೀ ಹಿಂಡುವವರ ಹೊಲ ಹಸಿರಾಗಿ ಕಂಡು ಬಚಾವಾಯಿತು, ನೆಲವನ್ನು ಮಲಗಿಸಿದವರ ಹೊಲ ನಕ್ಷೆಯಲ್ಲಿ ಬಡಾವಣೆಯ ಹಳದಿ ಬಣ್ಣವಾಯಿತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕನ್ನಡಕ ಕೊರಳಿಗೆ ದಾರದಲ್ಲಿ ಕಟ್ಟಿಕೊಂಡು ನಗರದ ಬಸ್ಸು ಹತ್ತಿದಳು.

ವಿಸ್ತರಣೆ ಕಚೇರಿ ಎರಡನೇ ಮಹಡಿಯಲ್ಲಿ. ಮೆಟ್ಟಿಲ ಮೂಲೆಯಲ್ಲಿ ಮುರಿದ ಕುರ್ಚಿಗಳ ರಾಶಿ, ಕೊಳಾಯಿಯ ಪಕ್ಕ ಸರಪಳಿ ಹಾಕಿದ ಲೋಟ. ಗುಮಾಸ್ತ ಒಳ್ಳೆಯವನೇ, ಆದರೆ ಊಟದ ಹೊತ್ತು ಹತ್ತಿರವಾಗಿತ್ತು.

"ಒಂದಕ್ಷರ ತಾನೇ ಅಮ್ಮ? ಗುಡಿಸು ಇರೋ ಕಡೆ ಕೊಂಬು ಬಿದ್ದಿದೆ. ಅಷ್ಟಕ್ಕೆ ಇಷ್ಟು ದೂರ ಬಂದ್ರಾ?"

"ಆ ಕೊಂಬು ಹನ್ನೊಂದು ಮನೆಗೆ ತಿವಿದಿದೆ ಸ್ವಾಮಿ. ತೆಗೆದುಬಿಡಿ, ಹೋಗ್ತೀನಿ."

ತೆಗೆಯುವುದು ಅವನ ಕೈಯಲ್ಲಿರಲಿಲ್ಲ. ಸಹಿಯಾದ ವರದಿ ತಿದ್ದಬೇಕಾದರೆ ವಿಚಾರಣೆಯಾಗಬೇಕು, ಆ ನೆಲ ನಿಜವಾಗಿಯೂ ಉಳುಮೆಯ ನೆಲ ಎಂಬುದಕ್ಕೆ ಸಾಕ್ಷಿ ಬೇಕು. ನಾನೇ ಸಾಕ್ಷಿ ಎಂದಳು. ನೀವೇ ಪಾಳು ಅಂತ ಸಹಿ ಮಾಡಿದೀರಲ್ಲ ಅಂದ. ಹತ್ತು ದಿನದಲ್ಲಿ ಅವಳು ಏಳು ಸಲ ಆ ಮೆಟ್ಟಿಲು ಹತ್ತಿದಳು. ಏಳನೆಯ ಸಲ, ಪಕ್ಕದ ನಕ್ಷೆ ವಿಭಾಗದಲ್ಲಿ ಕೂರುವ, ಅವಳಷ್ಟೇ ವಯಸ್ಸಿನ ಒಬ್ಬ ಹೆಂಗಸು ಬುತ್ತಿ ಬಿಚ್ಚುತ್ತ ಕರೆದು, "ದಿನಾ ಬರ್ತೀರಲ್ಲ, ಏನು ವಿಷಯ?" ಎಂದು ಕೇಳಿದರು. ಪಾಳಿಯಕ್ಕ ಮೊದಲಿನಿಂದ ಕೊನೆಯ ತನಕ ಹೇಳಿದಳು. ಆಕೆ ಬುತ್ತಿ ಮುಚ್ಚಿಟ್ಟರು.

"ಪ್ರತಿ ವರ್ಷ ಇದೇ ತಿಂಗಳು ವಿಮಾನದಿಂದ ಫೋಟೋ ತೆಗೀತಾರೆ, ಊರಿಂದು, ಸುತ್ತಲಿಂದು. ಹತ್ತು ವರ್ಷದ್ದು ನಮ್ಮ ಹತ್ರ ಇದೆ. ನೀವು ಹೇಳೋದು ನಿಜ ಆದ್ರೆ ಕಂದು ಬಣ್ಣ ವರ್ಷಕ್ಕೊಂದು ದಿಕ್ಕಿಗೆ ಸುತ್ತುತಾ ಇರ್ಬೇಕು, ಅಲ್ವಾ?"

"ಸುತ್ತೇ ಸುತ್ತುತ್ತೆ" ಎಂದಳು ಪಾಳಿಯಕ್ಕ. ತನ್ನ ಕೆಲಸವನ್ನು ಆಕಾಶದಿಂದ ಯಾರೋ ಹತ್ತು ವರ್ಷ ನೋಡುತ್ತಿದ್ದರು ಎಂದು ಕೇಳಿ ಅವಳಿಗೆ ಮೊದಲ ಸಲ ಧೈರ್ಯ ಬಂತು.

ವಿಚಾರಣೆಗೆ ಮುಂಚೆ ಇನ್ನೊಂದು ಕೆಲಸ ಮಾಡಿದಳು. ನಾಲ್ಕು ಮಹಡಿಯ ಮನೆಗಳ ಬಾಗಿಲು ತಟ್ಟಿದಳು, ಒಂದೊಂದಾಗಿ, ಐವತ್ತಾರು ಬಾಗಿಲು. ಕೆಲವರು ತರಕಾರಿ ಬೇಡ ಎಂದು ಹೇಳಿ ಮುಚ್ಚಿದರು. ತೆರೆದವರಿಗೆ ಅವಳು ಹೇಳಿದ್ದು ಒಂದೇ ಮಾತು. "ನೀವು ಮನೆ ಜೊತೆ ಕೊಂಡಿದ್ದು ನಮ್ಮ ಕೋಸಿನ ನೋಟ. ಅದನ್ನೇ ಅವರು ಈಗ ಇನ್ನೊಬ್ಬರಿಗೆ ಮಾರ್ತಿದಾರೆ." ಒಬ್ಬ ನಿವೃತ್ತ ಮೇಷ್ಟ್ರು ಕೆಣಕಿದರು, "ನಾವೂ ಹೊಲದ ಮೇಲೇ ಬಂದು ಕೂತಿದೀವಿ, ನಿಮಗೆ ನಮ್ಮ ಮೇಲೆ ಸಿಟ್ಟಿಲ್ವಾ?"

"ಊರು ಬೆಳೀಬಾರದು ಅಂತ ನಾನೆಲ್ಲಿ ಅಂದೆ? ಬೆಳೆಯೋದಕ್ಕೂ ಒಂದು ಪಾಳಿ ಬೇಕು. ಆ ಕಡೆ ಕಲ್ಲುಗುಡ್ಡ ಇದೆ, ಮುಚ್ಚಿದ ಗಿರಣಿ ಇದೆ. ಅವುಗಳ ಪಾಳಿ ಮುಗಿಯೋ ಮುಂಚೆ ನೀರು ಹರಿಯೋ ನೆಲಕ್ಕೆ ಯಾಕೆ ಬರ್ಬೇಕು? ಮಲಗಿರೋ ನೆಲ ಏಳುತ್ತೆ. ಸಿಮೆಂಟು ಹಾಕಿ ಮಲಗಿಸಿದ್ರೆ ಏಳಲ್ಲ ಮೇಷ್ಟ್ರೇ."

ಮೇಷ್ಟ್ರು ಪೆನ್ನು ತಂದರು. ಮೂವತ್ತೊಂಬತ್ತು ಮನೆಯವರು ಸಹಿ ಮಾಡಿದರು. ಪ್ರತಿಯೊಬ್ಬರಿಗೂ ಅವಳು, "ಓದಿ, ಆಮೇಲೆ ಹಾಕಿ" ಎಂದು ಹೇಳಿ, ಅವರು ಓದಿ ಮುಗಿಸುವ ತನಕ ಎದುರಿಗೇ ನಿಂತಳು.

ವಿಚಾರಣೆಯ ದಿನ ಬಯಲಿನಿಂದ ಇಪ್ಪತ್ತು ಜನ ಬಂದರು. ಓರಗಿತ್ತಿಯೂ ಬಂದಳು, ಹಿಂದಿನ ಬೆಂಚಿನ ತುದಿಗೆ, ಮುಖ ಗಂಟು ಹಾಕಿಕೊಂಡು. ಅಧಿಕಾರಿ ಕನ್ನಡಕದ ಮೇಲಿಂದ ನೋಡುವ ಶಾಂತ ಮನುಷ್ಯ. ಬಡಾವಣೆಯವರ ಪರವಾಗಿ ಒಬ್ಬ ವಕೀಲ, ಇಸ್ತ್ರಿ ಮಾಡಿದ ಮಾತಿನವನು. ನಕ್ಷೆ ವಿಭಾಗದ ಹೆಂಗಸು ಹತ್ತು ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಬಿಳಿ ಹಾಳೆ ಮುಚ್ಚಿದರು. ಪಾಳಿಯಕ್ಕ ನೋಡದೆ ಹೇಳಬೇಕು, ಆಮೇಲೆ ಹಾಳೆ ತೆಗೆಯಬೇಕು. ಹಾಗೆಂದು ಕೇಳಿಕೊಂಡವಳು ಅವಳೇ.

"ಈ ವರ್ಷ ಪೂರ್ವ" ಎಂದಳು. ಹಾಳೆ ಸರಿಯಿತು. ಪೂರ್ವ ಕಂದು, ಉಳಿದ ಮೂರು ಹಸಿರು. "ಹೋದ ವರ್ಷ ಉತ್ತರ." ಹೌದು. "ಅದರ ಹಿಂದೆ ಪಶ್ಚಿಮ. ಅದರ ಹಿಂದೆ ದಕ್ಷಿಣ." ಹೌದು, ಹೌದು. "ಮತ್ತೆ ಪೂರ್ವ. ಅದರ ಹಿಂದೆ ಉತ್ತರ." ಆರು ಚಿತ್ರ ತೆರೆದವು, ಆರೂ ಅವಳು ಹೇಳಿದ ಹಾಗೇ ಇದ್ದವು. ಅಧಿಕಾರಿ ಮುಂದಕ್ಕೆ ಬಾಗಿ ಕೂತರು. ಬೆಂಚಿನ ಮೇಲೆ ಯಾರೋ ನಿಟ್ಟುಸಿರು ಬಿಟ್ಟರು.

"ಅದರ ಹಿಂದೆ, ಆರು ವರ್ಷದ ಕೆಳಗೆ, ಪಶ್ಚಿಮ."

ಏಳನೆಯ ಹಾಳೆ ಸರಿಯಿತು. ಪಶ್ಚಿಮ ಹಸಿರಾಗಿತ್ತು. ಕಂದಾಗಿದ್ದದ್ದು ಉತ್ತರ.

ಪಾಳಿಯಕ್ಕ ಕೊರಳಿನ ಕನ್ನಡಕ ಏರಿಸಿ ನೋಡಿದಳು. ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ನೋಡಿದಳು. ವಕೀಲ ಎದ್ದು ನಿಂತ.

"ಗಮನಿಸಬೇಕು ಸರ್. ಉತ್ತರದ ಪಟ್ಟಿ ಎರಡು ವರ್ಷ ಸತತವಾಗಿ ಖಾಲಿ. ಸರದಿ ಇಲ್ಲ, ಪದ್ಧತಿ ಇಲ್ಲ. ಬೇಕಾದಾಗ ಬೆಳೀತಾರೆ, ಬೇಡವಾದಾಗ ಬಿಡ್ತಾರೆ. ಇದಕ್ಕೇ ಪಾಳು ಅನ್ನೋದು. ಅಮ್ಮನೋರು ಮೊದಲು ಮಾಡಿದ ಸಹಿನೇ ಸರಿಯಾಗಿತ್ತು."

"ಏನಮ್ಮ ಇದು?" ಎಂದರು ಅಧಿಕಾರಿ.

ಬೇರೆ ಯಾರಾದರೂ ಆಗಿದ್ದರೆ, ಮರೆತಿದ್ದೆ ಸ್ವಾಮಿ, ಆ ಸಲ ಉತ್ತರಕ್ಕೆ ಎರಡು ಪಾಳಿ ಕೊಟ್ಟಿದ್ವಿ ಎಂದು ಹೇಳಿ ದಾಟಿಕೊಳ್ಳುತ್ತಿದ್ದರು. ಒಂದು ಸಣ್ಣ ಸುಳ್ಳು, ಹನ್ನೊಂದು ಮನೆ ಉಳಿಯುತ್ತಿತ್ತು. ಅದು ಅವಳಿಗೆ ಹೊಳೆಯಲಿಲ್ಲ ಎಂದಲ್ಲ, ಹೊಳೆಯಿತು. ನಾಲಿಗೆಯ ತುದಿಗೂ ಬಂತು. ನುಂಗಿದಳು.

"ನನಗೆ ಗೊತ್ತಿಲ್ಲ ಸ್ವಾಮಿ. ಆ ವರ್ಷ ನಾನು ಹೊಲಕ್ಕೆ ಹೋಗಿಲ್ಲ. ಪಶ್ಚಿಮ ಅಂತ ಹೇಳಿ ಕಳಿಸಿದ್ದೆ. ಚಿತ್ರ ಯಾಕೆ ಹೀಗಿದೆ ಅಂತ ಗೊತ್ತಿಲ್ಲ."

ಇಪ್ಪತ್ತಾರು ವರ್ಷ ನೆಚ್ಚಿಕೊಂಡಿದ್ದ ತನ್ನ ತಲೆಯ ಲೆಕ್ಕವೇ ಸುಳ್ಳೇನೋ ಎಂದು ಅವಳಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಅನಿಸಿತು. ವಯಸ್ಸಾಯಿತು, ಕನ್ನಡಕ ಬಿಟ್ಟು ಸಹಿ ಮಾಡಿದವಳು ಇನ್ನೇನೇನು ತಪ್ಪು ಮಾಡಿದ್ದಾಳೋ.

"ನನಗೆ ಗೊತ್ತು" ಎಂದಿತು ಹಿಂದಿನ ಬೆಂಚು. ಎರಡು ತಿಂಗಳಿಂದ ಅವಳೆದುರು ಬಾಯಿ ಬಿಡದ ಓರಗಿತ್ತಿ ಎದ್ದು ನಿಂತಿದ್ದಳು.

"ನೀವು ಯಾರಮ್ಮ?"

"ಇವರ ಓರಗಿತ್ತಿ. ಹೋಗೋ ನೆಲ ನನ್ನದೇ." ಅವಳು ಮುಂದೆ ಬಂದಳು. ಪಾಳಿಯಕ್ಕನ ಮುಖ ನೋಡದೆ ಅಧಿಕಾರಿಗೇ ಹೇಳಿದಳು. "ಅದು ನಮ್ಮ ಭಾವ ತೀರ್ಕೊಂಡ ವರ್ಷ. ಅಕ್ಕ ಬಾಗಿಲು ಹಾಕ್ಕೊಂಡು ಕೂತ್ರು. ನಮ್ಮ ಹೊಲ ಈ ಸಲ ಯಾರೂ ಮುಟ್ಟಬೇಡಿ, ಅವರಿಲ್ಲದೆ ಬಿತ್ತಲ್ಲ ಅಂದ್ರು. ಪಶ್ಚಿಮದ ಪಾಳಿ ಅಂತ ನನ್ನ ಕೈಲೇ ಹೇಳಿ ಕಳಿಸಿದ್ರು, ಅದು ನಿಜ. ಆದ್ರೆ ಅವರ ಹೊಲ ಇರೋದು ಉತ್ತರದ ಪಟ್ಟಿ ನಡುವೆ. ಸುತ್ತ ಎಲ್ಲ ಹಸಿರು, ನಡುವೆ ಅದೊಂದೇ ಖಾಲಿ. ಎಲ್ಲರ ಜೊತೆ ಮಲಗಿದ್ರೆ ಅದು ಪಾಳಿ ಸಾಹೇಬ್ರೆ. ಪಾಳಿ ಇಲ್ದೆ ಒಂದೇ ಬಿದ್ದಿರೋ ಹೊಲಕ್ಕೆ ನಾವೂ ಪಾಳು ಅಂತಲೇ ಅನ್ನೋದು. ಆ ಮನೆ ಬಿತ್ತು ಅಂತ ಅರ್ಥ. ಅಕ್ಕನ ಹೊಲಕ್ಕೆ ಆ ಮಾತು ಬರೋದು ಯಾರಿಗೂ ಬೇಕಿರಲಿಲ್ಲ. ಕಟ್ಟೆ ಹತ್ರ ನಿಂತು ನಾನು ಉತ್ತರ ಅಂದೆ. ಉತ್ತರದ ಉಳಿದ ಒಂಬತ್ತು ಮನೆಯವರು ಒಬ್ರೂ ಯಾಕೆ ಅಂತ ಕೇಳಲಿಲ್ಲ. ಗುದ್ದಲಿ ಕೆಳಗಿಟ್ರು. ತಂತಮ್ಮ ಹೊಲನೂ ಖಾಲಿ ಬಿಟ್ರು."

"ಮತ್ತೆ ಅದರ ಮುಂದಿನ ವರ್ಷ?"

"ಮುಂದಿನ ವರ್ಷ ಅಕ್ಕ ಎದ್ದು ಬಂದ್ರು, ಕಟ್ಟೆ ಹತ್ತಿದ್ರು, ಈ ಸಲ ಉತ್ತರ ಅಂದ್ರು. ಅವರ ಲೆಕ್ಕದಲ್ಲಿ ಅದೇ ಸರಿ. ಹೋದ ವರ್ಷನೇ ಆಯ್ತಲ್ಲ ಅಂತ ಹೇಳೋಕೆ ಯಾರಿಗೆ ಬಾಯಿ ಬರುತ್ತೆ? ಒಂಬತ್ತು ಮನೆಯವರು ಎರಡನೇ ಸಲನೂ ಬಿಟ್ರು. ಪಶ್ಚಿಮದವರು ತಮ್ಮ ಪಾಲಿನಲ್ಲಿ ಅರ್ಧ ಅವರಿಗೆ ಕೊಟ್ರು." ಇಲ್ಲಿ ಅವಳ ಧ್ವನಿ ಸ್ವಲ್ಪ ಬದಲಾಯಿತು, ಹಳೆಯ ಕೀಟಲೆ ಇಣುಕಿತು. "ಎರಡು ವರ್ಷ ಮಲಗಿದ ನೆಲ ನೋಡಿ, ಮೂರನೇ ವರ್ಷ ಉತ್ತರದಲ್ಲಿ ಕೋಸು ಎಷ್ಟು ಬಂತು ಅಂದ್ರೆ ಗಾಡಿ ಸಾಲಲಿಲ್ಲ. ಅಕ್ಕ ಒಂದು ತಿಂಗಳು ಎಲ್ಲರನ್ನೂ ನಿಲ್ಲಿಸಿ ಪಾಠ ಮಾಡಿದ್ರು. ನೋಡಿದ್ರಾ, ಪಾಳಿ ಸರಿಯಾಗಿ ಬಿಟ್ರೆ ಹೀಗೆ ಅಂತ. ನಾವು ಹೌದಕ್ಕ ಹೌದಕ್ಕ ಅಂತ ತಲೆ ಆಡಿಸಿದ್ವಿ."

ಬೆಂಚಿನ ಮೇಲೆ ಯಾರೋ ನಕ್ಕರು, ತಡೆದುಕೊಂಡರು. ವಕೀಲ ಕೂತುಕೊಂಡ. ಪಾಳಿಯಕ್ಕ ಮಾತ್ರ ಏಳನೆಯ ಚಿತ್ರವನ್ನೇ ನೋಡುತ್ತಿದ್ದಳು. ಕಂದು ಪಟ್ಟಿಯಲ್ಲಿ ತನ್ನ ಹೊಲ ಯಾವುದೆಂದು ಹುಡುಕಿದಳು, ಸಿಗಲಿಲ್ಲ. ಎಲ್ಲವೂ ಒಂದೇ ಬಣ್ಣವಾಗಿದ್ದವು, ಅವಳದು ಬೇರೆಯಾಗಿ ಕಾಣುತ್ತಿರಲಿಲ್ಲ. ಕಾಣಬಾರದೆಂದೇ ಹಾಗೆ ಮಾಡಿದ್ದರು.

"ಆ ಒಂಬತ್ತು ಮನೆಯವರು ಯಾರಾದ್ರೂ ಬಂದಿದೀರಾ?" ಎಂದರು ಅಧಿಕಾರಿ.

ಏಳು ಕೈ ಮೇಲೆದ್ದವು. ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಏಳು ಜನರೂ ನೆಲ ನೋಡುತ್ತಿದ್ದರು.

ಅಧಿಕಾರಿ ಪಾಳಿಯಕ್ಕನಿಂದ ಹೇಳಿಸುತ್ತ ಉಳಿದ ಮೂರು ಹಾಳೆಗಳನ್ನೂ ತೆಗೆಸಿದರು. ದಕ್ಷಿಣ, ಪೂರ್ವ, ಉತ್ತರ. ಮೂರೂ ಅವಳು ಹೇಳಿದ ಹಾಗೇ ಇದ್ದವು. ಆಮೇಲೆ ವರದಿ ತರಿಸಿಕೊಂಡು, ಕೆಂಪು ಶಾಯಿಯಿಂದ ಆ ಕೊಂಬನ್ನು ಹೊಡೆದು, ಮೇಲೆ ಗುಡಿಸು ಎಳೆದು, ಪಕ್ಕದಲ್ಲಿ ಸಹಿ ಮಾಡಿದರು. ಓದಿ ನೋಡಿ ಎಂದು ಪಾಳಿಯಕ್ಕನ ಕೈಗೂ ಕೊಟ್ಟರು. ಪೂರ್ವದ ನಲವತ್ತು ಎಕರೆ ಬ‌ಡಾವಣೆಯ ನಕ್ಷೆಯಿಂದ ಹೊರಗೆ ಬಂತು. ಮುಂದಿನ ನಕ್ಷೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ, ನಗರದ ಹಸಿವು ಒಂದು ಅಕ್ಷರಕ್ಕೆ ತೀರುವಂಥದ್ದಲ್ಲ. ಆದರೆ ಬಯಲಿನ ನಾಲ್ಕೂ ಪಟ್ಟಿಯಲ್ಲಿ ಖಾಲಿ ಕಂಡ ನೆಲ ಪಾಳಿಯ ನೆಲ, ಉಳುಮೆಯ ನೆಲವೆಂದೇ ತಿಳಿಯತಕ್ಕದ್ದು ಎಂದು ಕಡತದಲ್ಲಿ ಈಗ ಬರೆದಿದೆ.

ಬಸ್ಸಿನಲ್ಲಿ ಜನ ತುಂಬಿದ್ದರು. ಬಯಲಿನವರು ಅಲ್ಲಿ ಇಲ್ಲಿ ಹಂಚಿಹೋಗಿ ಕೂತರು. ಪಾಳಿಯಕ್ಕನ ಪಕ್ಕದ ಸೀಟಿಗೆ ಓರಗಿತ್ತಿ ಬಂದು ಕೂತಳು. ಬಸ್ಸು ಕಾಟಾ ದಾಟಿತು. ಪಾಳಿಯಕ್ಕ ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು.

"ಹಾಗಾದ್ರೆ ಪಶ್ಚಿಮದ ನೆಲ ಏಳು ವರ್ಷ ಒಂದೇ ಸಮ ದುಡಿದಿದೆ" ಎಂದಳು ಕೊನೆಗೆ. "ಅದಕ್ಕೆ ಒಂದು ಪಾಳಿ ಬಾಕಿ."

"ಬರೋ ವರ್ಷ ದಕ್ಷಿಣದ್ದು ಅಕ್ಕ."

"ದಕ್ಷಿಣದವರನ್ನ ಕೇಳ್ತೀನಿ. ಒಂದು ವರ್ಷ ಮುಂದೆ ಹಾಕ್ಕೊಳ್ಳಿ ಅಂತ ಕೇಳ್ತೀನಿ."

ಹೇಳ್ತೀನಿ ಎನ್ನದೆ ಕೇಳ್ತೀನಿ ಎಂದದ್ದನ್ನು ಓರಗಿತ್ತಿ ಗಮನಿಸಿದಳು, ಆದರೆ ಆಡಿ ತೋರಿಸಲಿಲ್ಲ.

"ಮತ್ತೆ ಉತ್ತರದವರು ಬಿಟ್ಟ ಬೆಳೆ?" ಪಾಳಿಯಕ್ಕನ ಬೆರಳು ಅಲ್ಲೇ ನಿಂತಿತು. "ಒಂಬತ್ತು ಮನೆಯ ಒಂದು ವರ್ಷದ ಬೆಳೆ. ಅದನ್ನ ನಾನು ಯಾವ ಪಾಳಿಗೆ ಅಂತ ತೀರಿಸಲಿ?"

"ಅದಕ್ಕೆ ಪಾಳಿ ಇಲ್ಲ ಅಕ್ಕ."

ಗಂಡ ಹೋದ ದಿನವೂ ನಾಲ್ಕು ಜನರ ಎದುರು ಅಳದವಳು, ತುಂಬಿದ ಬಸ್ಸಿನಲ್ಲಿ, ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಓರಗಿತ್ತಿ ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಕಂಡಕ್ಟರ್ ಬಂದವನು ನೋಡಿ ಅಂಜಿದ.

"ಏನಮ್ಮ, ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲಪ್ಪ" ಎಂದಳು ಓರಗಿತ್ತಿ, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. "ಗೆದ್ದು ಬರ್ತಿದೀವಿ. ಎರಡು ಟಿಕೆಟ್ ಕೊಡು."